ಹಸುಳೆಯ ಮೊದಲ ಉಸಿರು

ಲೋಕದಲ್ಲಿ ಯಾರ ಅಳು ಕಿವಿಗೆ ಬಿದ್ದರೂ ಮನಸ್ಸಿಗೆ ನೋವಾಗುವುದು ಸಹಜ. ಒಂದೇ ಒಂದು ಅಳುವಿಗೆ ಈ ಮಾತು ಸಲ್ಲದು. ಹೆರಿಗೆಯ ಕೋಣೆಯ ಹೊರಗೆ ಕುಳಿತ ಅಜ್ಜಿ, ತಂದೆ, ಬಂಧುಗಳು ಆ ಅಳುವಿಗಾಗಿ ಕಿವಿಗೊಟ್ಟು ಕಾದಿರುತ್ತಾರೆ. ಅದು ಕೇಳಿಬಂದೊಡನೆಯೇ ಎಲ್ಲರ ಮುಖವೂ ಅರಳುತ್ತದೆ. ಕೂಸು ಅತ್ತಿತೆಂದರೆ ಉಸಿರಾಡಿತೆಂದು ಅರ್ಥ. ಆ ಅಳು ಕೇಳಿಬಾರದೆ ಹೋದರೆ, ಅಥವಾ ಕೇಳಿಬಂದ ಮೇಲೆ ಕೂಸಿಗೆ ಉಸಿರಾಟವು ಕಷ್ಟವಾಗುತ್ತ ಹೋದರೆ, ವೈದ್ಯರು ಮಾಡುವುದೇನು, ಹಾಗೆ ಮಾಡುವುದಕ್ಕೆ ಕಾರಣವೇನು, ಮನೆಯವರು ಅರಿತಿರಬೇಕಾದುದೇನು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇವೆ.

ಗರ್ಭದಲ್ಲಿರುವ ಕೂಸಿಗೂ ಆಮ್ಲಜನಕ ಬೇಕು. ಆದರೆ ಅದು ಶ್ವಾಸಕೋಶಗಳ ಮೂಲಕ ಬರುವುದಿಲ್ಲ. ತಾಯಿಯ ರಕ್ತದಿಂದ ಮಾಸಿಗೆ ಬಂದು, ಅಲ್ಲಿಂದ ಹೊಕ್ಕುಳಬಳ್ಳಿಯ ದಾರಿಯಾಗಿ ಕೂಸನ್ನು ಸೇರುತ್ತದೆ. ಆ ಕಾಲದಲ್ಲಿ ಶ್ವಾಸಕೋಶಗಳಲ್ಲಿ ಗಾಳಿಯ ಸುಳಿವೇ ಇಲ್ಲ. ಅವು ಒಂದು ಬಗೆಯ ದ್ರವದಿಂದ ತುಂಬಿರುತ್ತವೆ. ಕೂಸು ಹೊರಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ ಆ ದ್ರವವು ಸರಿಯಬೇಕು, ಅದರ ಸ್ಥಳಕ್ಕೆ ಗಾಳಿ ಬರಬೇಕು, ಅದುವರೆಗೆ ಮುಚ್ಚಿದಂತಿದ್ದ ಶ್ವಾಸಕೋಶದ ರಕ್ತನಾಳಗಳು ತೆರೆದುಕೊಳ್ಳಬೇಕು. ಇಷ್ಟು ದೊಡ್ಡ ಬದಲಾವಣೆಯನ್ನು ಇಷ್ಟು ಅಲ್ಪಕಾಲದಲ್ಲಿ ನಮ್ಮ ದೇಹವು ಮತ್ತೆಂದೂ ಮಾಡಬೇಕಾಗಿ ಬರುವುದಿಲ್ಲ.

ಆಶ್ಚರ್ಯವೆಂದರೆ, ಬಹುಮಟ್ಟಿನ ಕೂಸುಗಳು ಯಾರ ಸಹಾಯವೂ ಇಲ್ಲದೆ ಈ ಕೆಲಸವನ್ನು ಮುಗಿಸುತ್ತವೆ. ದಿನ ತುಂಬಿ ಹುಟ್ಟಿದ ೧೦೦ ಕೂಸುಗಳಲ್ಲಿ ಸುಮಾರು ೮೫ ಅರ್ಧ ನಿಮಿಷದೊಳಗೆ ತಾವಾಗಿಯೇ ಉಸಿರೆಳೆಯುತ್ತವೆ. ಇನ್ನು ೧೦ ಕೂಸುಗಳಿಗೆ ಬೆಚ್ಚನೆಯ ಬಟ್ಟೆಯಿಂದ ಮೈಯೊರಸಿ, ಬೆನ್ನನ್ನು ಮೃದುವಾಗಿ ಉಜ್ಜಿದರೆ ಸಾಕು. ಉಳಿದ ೫ ಕೂಸುಗಳಿಗೆ ಮೂಗುಬಾಯಿಗಳನ್ನು ಮುಚ್ಚುವಂಥ ಪುಟ್ಟ ಮುಖವಾಡವನ್ನಿಟ್ಟು, ಅದಕ್ಕೆ ಸೇರಿಸಿದ ರಬ್ಬರಿನ ಚೀಲವನ್ನು ಅಮುಕಿ, ನಿಮಿಷಕ್ಕೆ ೪೦ರಿಂದ ೬೦ ಸಾರಿ ಗಾಳಿಯೂಡಬೇಕಾಗುತ್ತದೆ. ಎದೆಯನ್ನು ಒತ್ತಬೇಕಾಗಿ ಬರುವುದೂ ಔಷಧ ಕೊಡಬೇಕಾಗಿ ಬರುವುದೂ ಸಾವಿರಕ್ಕೆ ಕೆಲವರಿಗೆ ಮಾತ್ರ. ಗಾಳಿಯೂಡುವ ಕೆಲಸವು ಹುಟ್ಟಿದ ಒಂದು ನಿಮಿಷದೊಳಗೆ ಮೊದಲಾಗಬೇಕೆಂಬುದು ವೈದ್ಯರ ನಿಯಮ. ಆ ನಿಮಿಷಕ್ಕೆ ಅವರು ‘ಚಿನ್ನದ ನಿಮಿಷ’ವೆಂದು ಹೆಸರಿಟ್ಟಿದ್ದಾರೆ. ಚೀಲವೂ ಮುಖವಾಡವೂ ಬೆಲೆಬಾಳುವ ವಸ್ತುಗಳಲ್ಲ. ಅವನ್ನು ಬಳಸಲು ಕಲಿತ ಕೈಯೊಂದು ಪ್ರತಿಯೊಂದು ಹೆರಿಗೆಯಲ್ಲಿಯೂ ಹತ್ತಿರವಿರಬೇಕು, ಅಷ್ಟೆ. ತಲೆಕೆಳಗಾಗಿ ಹಿಡಿದು ಬೆನ್ನಿಗೆ ಹೊಡೆಯುವುದು, ಮುಖಕ್ಕೆ ತಣ್ಣೀರೆರಚುವುದು ಮುಂತಾದ ಹಳೆಯ ಪದ್ಧತಿಗಳಿಂದ ಕೂಸಿಗೆ ಹಾನಿಯೇ ಹೊರತು ಪ್ರಯೋಜನವಿಲ್ಲ; ಮೈ ತಣ್ಣಗಾದ ಕೂಸಿಗೆ ಉಸಿರಾಟವು ಇನ್ನಷ್ಟು ಭಾರವಾಗುವುದು.

ಇದುವರೆಗೆ ಹೇಳಿದುದು ಉಸಿರನ್ನೇ ತೊಡಗದ ಕೂಸಿನ ವಿಷಯ. ಇದಕ್ಕಿಂತ ಕಠಿನವಾದದ್ದು ಮತ್ತೊಂದು. ಕೂಸು ಅಳುತ್ತದೆ, ಎಲ್ಲರೂ ನೆಮ್ಮದಿಗೊಳ್ಳುತ್ತಾರೆ, ಗಳಿಗೆ ಕಳೆಯುವುದರೊಳಗಾಗಿ ಉಸಿರಾಟವು ವೇಗವಾಗತೊಡಗುತ್ತದೆ. ನಿಮಿಷಕ್ಕೆ ೬೦ನ್ನು ಮೀರುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಣ ಮಾಂಸವೂ ಎದೆಯ ಕೆಳಭಾಗವೂ ಒಳಕ್ಕೆ ಎಳೆದುಕೊಳ್ಳುತ್ತವೆ. ತುಟಿಯೂ ನಾಲಗೆಯೂ ನೀಲಿಗೆ ತಿರುಗಬಹುದು. ಇವೆಲ್ಲಕ್ಕೂ ಜೊತೆಯಾಗಿ ಉಸಿರು ಬಿಡುವಾಗಲೆಲ್ಲ ‘ಊಂ, ಊಂ’ ಎಂಬ ಸಣ್ಣ ಮುಲುಕು ಕೇಳಿಬರುತ್ತದೆ. ಇದನ್ನು ಕೇಳಿ ಕೂಸು ಹಸಿದಿದೆಯೆಂದೋ ನಿದ್ದೆಗಣ್ಣಿನಲ್ಲಿ ಕನವರಿಸುತ್ತಿದೆಯೆಂದೋ ಭಾವಿಸುವವರುಂಟು. ಈ ಮುಲುಕನ್ನು ಶ್ರೋತೃಗಳು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಮತ್ತೆ ಬರುವುದು.

ಈ ಸಂಕಟಕ್ಕೆ ಕಾರಣಗಳು ಹಲವು. ಶ್ವಾಸಕೋಶದ ದ್ರವವು ಸರಿಯುವುದು ತಡವಾದುದರಿಂದ ಆಗಬಹುದು; ನೋವು ತೊಡಗುವುದಕ್ಕೆ ಮೊದಲೇ ಶಸ್ತ್ರಕ್ರಿಯೆಯಿಂದ ತೆಗೆದ ಕೂಸುಗಳಲ್ಲಿ ಇದು ಹೆಚ್ಚು, ಮತ್ತು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವುದು. ಗರ್ಭದಲ್ಲಿಯೇ ಕೂಸು ತನ್ನ ಮೊದಲ ಮಲವನ್ನು ವಿಸರ್ಜಿಸಿ, ಅದು ಉಸಿರಿನೊಡನೆ ಒಳಕ್ಕೆ ಸೇರಿದುದರಿಂದ ಆಗಬಹುದು. ತಾಯಿಯಿಂದಾಗಲಿ ಹೊರಗಿನಿಂದಾಗಲಿ ಅಂಟಿದ ಸೋಂಕಿನಿಂದ ಆಗಬಹುದು. ಇವೆಲ್ಲವನ್ನೂ ಮೀರಿ, ಒಂದು ಕಾಲದಲ್ಲಿ ಅಸಂಖ್ಯಾತ ಕೂಸುಗಳನ್ನು ಬಲಿತೆಗೆದುಕೊಂಡುದು ದಿನ ತುಂಬದೆ ಹುಟ್ಟಿದವರಿಗೆ ಬರುವ ಶ್ವಾಸಸಂಕಟ. ಅದರ ಕಾರಣವನ್ನು ತಿಳಿದರೆ ಚಿಕಿತ್ಸೆಯ ಮರ್ಮವೆಲ್ಲ ತಿಳಿದಂತೆಯೇ.

ನಮ್ಮ ಶ್ವಾಸಕೋಶವು ಎಣಿಕೆಗೆ ಸಿಕ್ಕದಷ್ಟು ಸಣ್ಣ ಗಾಳಿಗೂಡುಗಳ ಸಮೂಹ. ಪ್ರತಿಯೊಂದು ಗೂಡಿನ ಒಳಮೈಗೂ ತೆಳುವಾದ ತೇವವಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರಮೇಲೊಂದಿಟ್ಟು ಬಿಡಿಸಲು ಹೊರಟವರಿಗೆ ನೀರಿನ ಬಿಗಿತವೆಷ್ಟೆಂಬುದು ಗೊತ್ತು. ನೀರಿನ ಮೇಲ್ಮೈಗೆ ತನ್ನನ್ನು ತಾನೇ ಕುಗ್ಗಿಸಿಕೊಳ್ಳುವ ಸ್ವಭಾವವುಂಟು. ಇದನ್ನೇ ಮೇಲ್ಮೈ ಎಳೆತವೆನ್ನುವರು. ಗುಳ್ಳೆಯು ಚಿಕ್ಕದಾದಷ್ಟೂ ಈ ಎಳೆತದಿಂದ ಅದರೊಳಗಿನ ಒತ್ತಡವು ಹೆಚ್ಚುವುದು. ಹೀಗಿರಲು, ಉಸಿರು ಬಿಟ್ಟಾಗಲೆಲ್ಲ ಕಿರಿದಾಗುವ ಗಾಳಿಗೂಡುಗಳು ಪೂರ್ತಿಯಾಗಿ ಮುದುಡಿ ಅಂಟಿಕೊಂಡುಬಿಡಬೇಕಾಗಿತ್ತು. ಹಾಗಾಗದಿರುವುದಕ್ಕೆ ಕಾರಣವುಂಟು. ಗೂಡಿನ ಗೋಡೆಯಲ್ಲಿರುವ ಕೆಲವು ಜೀವಕಣಗಳು ಸಾಬೂನಿನಂಥ ಗುಣವುಳ್ಳ ಒಂದು ಕೊಬ್ಬಿನ ದ್ರವ್ಯವನ್ನು ಸುರಿಸುತ್ತವೆ. ಸರ್ಫ್ಯಾಕ್ಟೆಂಟ್ ಎಂಬ ಈ ದ್ರವ್ಯವು ತೇವದ ಮೇಲೆ ಹೊರೆಯಾಗಿ ಹರಡಿ ಎಳೆತವನ್ನು ತಗ್ಗಿಸುತ್ತದೆ. ಗರ್ಭದ ಸುಮಾರು ೨೪ನೆಯ ವಾರದಿಂದ ಅದು ಹುಟ್ಟತೊಡಗಿದರೂ, ಸಾಕಷ್ಟು ಒದಗುವುದು ೩೪-೩೫ನೆಯ ವಾರದ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿದ ಕೂಸು ಪ್ರತಿ ಉಸಿರಿನಲ್ಲಿಯೂ ಅಂಟಿಕೊಂಡ ಗೂಡುಗಳನ್ನು ಹೊಸದಾಗಿ ಬಿಡಿಸಬೇಕು. ರಬ್ಬರಿನ ಬುಗ್ಗೆಯನ್ನು ಊದುವಾಗ ಮೊದಲನೆಯ ಊದೇ ಕಷ್ಟದ್ದು. ಈ ಕೂಸಿಗೆ ಪ್ರತಿ ಉಸಿರೂ ಮೊದಲನೆಯ ಊದೇ ಆಗುತ್ತದೆ. ನಿಮಿಷಕ್ಕೆ ೭೦-೮೦ ಸಾರಿ ಹೀಗೆ ದುಡಿದು ಅದು ಸೋಲುತ್ತದೆ.

ಈ ವಿಷಯವು ತಿಳಿದುಬಂದ ಬಗೆಯು ಸ್ವಾರಸ್ಯವಾಗಿದೆ. ೧೯೨೯ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೆಲಸಮಾಡುತ್ತಿದ್ದ ಕುರ್ಟ್ ಫಾನ್ ನೇರ್‌ಗಾರ್ಡ್ ಎಂಬ ವೈದ್ಯನು ಹಂದಿಯ ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸುವುದಕ್ಕಿಂತ ದ್ರವದಿಂದ ಉಬ್ಬಿಸುವುದು ಸುಲಭವೆಂಬುದನ್ನು ಕಂಡು, ಮೇಲ್ಮೈ ಎಳೆತವೇ ಇದಕ್ಕೆ ಕಾರಣವೆಂದು ಬರೆದನು. ಇಪ್ಪತ್ತೈದು ವರ್ಷಗಳ ಕಾಲ ಅದನ್ನು ಯಾರೂ ಲಕ್ಷಿಸಲಿಲ್ಲ. ಆಮೇಲೆ ೧೯೫೫ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ಯಾಟ್ಲ್, ೧೯೫೭ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ಸ್ ಇವರು ಈ ದ್ರವ್ಯದ ಗುಣವನ್ನು ಪ್ರಕಟಿಸಿದರು. ಇಬ್ಬರೂ ದುಡಿಯುತ್ತಿದ್ದುದು ಯುದ್ಧದ ವಿಷಾನಿಲಗಳನ್ನು ಕುರಿತು ಶೋಧಿಸುವ ಸಂಸ್ಥೆಗಳಲ್ಲಿ. ಕೊಲ್ಲುವ ಅನಿಲವು ಶ್ವಾಸಕೋಶವನ್ನು ಹೇಗೆ ಕೆಡಿಸುವುದೆಂದು ನೋಡಹೊರಟವರಿಂದ ಹಸುಳೆಗಳನ್ನು ಬದುಕಿಸುವ ವಿದ್ಯೆಯು ದೊರೆಯಿತು. ೧೯೫೯ರಲ್ಲಿ ಬಾಸ್ಟನ್ನಿನ ಮೇರಿ ಎಲೆನ್ ಏವರಿ ಎಂಬ ವೈದ್ಯೆಯು ಜೆರ್ ಮೀಡ್ ಅವರೊಡನೆ, ಶ್ವಾಸಸಂಕಟದಿಂದ ಮಡಿದ ಕೂಸುಗಳ ಶ್ವಾಸಕೋಶಗಳಲ್ಲಿ ಈ ದ್ರವ್ಯದ ಕೊರತೆಯಿದೆಯೆಂಬುದನ್ನು ತೋರಿಸಿಕೊಟ್ಟರು.

ಕಾರಣವು ತಿಳಿದರೂ ಉಪಾಯವು ಕೂಡಲೇ ಕೈಗೂಡಲಿಲ್ಲ. ೧೯೬೩ರ ಆಗಸ್ಟ್ ೭ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಪ್ಯಾಟ್ರಿಕ್ ಎಂಬ ಮಗನು ಸುಮಾರು ಐದೂವರೆ ವಾರ ಮೊದಲೇ ಹುಟ್ಟಿದನು. ತೂಕವು ಎರಡು ಕಿಲೋಗ್ರಾಮಿಗೆ ತುಸು ಹೆಚ್ಚು. ಲೋಕದಲ್ಲಿ ಅಂದು ದೊರೆಯಬಹುದಾಗಿದ್ದ ಸಕಲ ವೈದ್ಯವೂ ಆ ಕೂಸಿಗೆ ದೊರೆಯಿತು. ಅಧಿಕ ಒತ್ತಡದ ಆಮ್ಲಜನಕವನ್ನು ತುಂಬಿದ ಉಕ್ಕಿನ ಕೊಠಡಿಯಲ್ಲಿಯೂ ಅದನ್ನು ಇರಿಸಿದರು. ೩೯ ಗಂಟೆಗಳ ಕಾಲ ಹೋರಾಡಿ ಅದು ತೀರಿಕೊಂಡಿತು. ಐಶ್ವರ್ಯವೂ ಅಧಿಕಾರವೂ ಉಳಿಸಲಾರದೆ ಹೋದ ಅಂಥ ಕೂಸನ್ನು, ಅಷ್ಟೇ ತೂಕದ್ದನ್ನು, ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಉಳಿಸುತ್ತಿದ್ದಾರೆ. ಹಾಗಾದರೆ ನಡುವೆ ನಡೆದುದೇನು?

ಆಗಲೇ ಹೇಳಿದ ಮುಲುಕಿನ ಕಡೆಗೆ ಈಗ ತಿರುಗೋಣ. ಕೂಸು ಉಸಿರು ಬಿಡುವಾಗ ತನ್ನ ಕಂಠದ್ವಾರವನ್ನು ಅರೆಮುಚ್ಚಿ ಗಾಳಿಯನ್ನು ತಡೆಹಿಡಿಯುವುದರಿಂದಲೇ ಆ ಶಬ್ದವು ಹುಟ್ಟುವುದು. ಹೀಗೆ ತಡೆದ ಗಾಳಿಯು ಶ್ವಾಸಕೋಶದೊಳಗೆ ಸ್ವಲ್ಪ ಒತ್ತಡವನ್ನು ಉಳಿಸಿ, ಗೂಡುಗಳು ಮುದುಡದಂತೆ ಕಾಯುತ್ತದೆ. ಎಂದರೆ, ಮುಲುಕು ಬರಿಯ ನೋವಿನ ಕೂಗಲ್ಲ; ಅದು ಕೂಸು ತನಗೆ ತಾನೇ ಮಾಡಿಕೊಳ್ಳುತ್ತಿರುವ ಚಿಕಿತ್ಸೆ. ಹಿಂದೆ ವೈದ್ಯರು ಸಹಾಯಮಾಡುವ ಉದ್ದೇಶದಿಂದಲೇ ಅದರ ಗಂಟಲಿಗೆ ಕೊಳವೆಯನ್ನಿಳಿಸುತ್ತಿದ್ದರು. ಕೊಳವೆಯಿರುವಾಗ ಕಂಠದ್ವಾರವನ್ನು ಮುಚ್ಚಲಾಗದು, ಮುಲುಕಲಾಗದು. ಹಾಗೆ ಮುಲುಕು ನಿಂತ ಕೂಸುಗಳ ರಕ್ತದಲ್ಲಿ ಆಮ್ಲಜನಕವು ಇಳಿಯುವುದೆಂಬುದನ್ನು ೧೯೬೮ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ಪ್ರಕಟಿಸಿದರು. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಜಾರ್ಜ್ ಗ್ರೆಗೊರಿ ಮತ್ತು ಅವರ ಸಂಗಡಿಗರು, ಕೂಸು ಮಾಡುತ್ತಿದ್ದ ಕೆಲಸವನ್ನೇ ತಾವು ಮಾಡಿ ನೋಡಿದರು: ಎಡೆಬಿಡದೆ ಅಲ್ಪವಾದ ಒತ್ತಡದಿಂದ ಗಾಳಿಯನ್ನು ಕೊಟ್ಟರು. ೧೯೭೧ರಲ್ಲಿ ಅವರು ಪ್ರಕಟಿಸಿದ ಲೇಖನದಂತೆ ತೀವ್ರವಾದ ರೋಗವಿದ್ದ ೨೦ ಕೂಸುಗಳಲ್ಲಿ ೧೬ ಬದುಕಿದುವು.

‘ಸಿ-ಪ್ಯಾಪ್’ ಎಂದು ಕರೆಯುವ ಈ ಉಪಾಯದ ಒಂದು ರೂಪವು ಎಷ್ಟು ಸರಳವಾಗಿದೆಯೆಂದರೆ ಅದನ್ನು ಮಾತಿನಲ್ಲಿಯೇ ಚಿತ್ರಿಸಬಹುದು. ಗಾಳಿಯೂ ಆಮ್ಲಜನಕವೂ ಬೇಕಾದ ಪ್ರಮಾಣದಲ್ಲಿ ಬೆರೆತು, ಬೆಚ್ಚಗಾಗಿ, ತೇವವಾಗಿ ಒಂದು ಕೊಳವೆಯಲ್ಲಿ ಬರುತ್ತವೆ. ಕೂಸಿನ ಮೂಗಿನ ಹೊಳ್ಳೆಗಳಲ್ಲಿ ಎರಡು ಮೃದುವಾದ ಪುಟ್ಟ ನಳಿಕೆಗಳು. ಅಲ್ಲಿಂದ ಮುಂದಕ್ಕೆ ಹೋಗುವ ಕೊಳವೆಯ ತುದಿಯು ಒಂದು ನೀರಿನ ಸೀಸೆಯಲ್ಲಿ ಮುಳುಗಿರುತ್ತದೆ. ತುದಿಯು ೫ ಸೆಂಟಿಮೀಟರ್ ಆಳದಲ್ಲಿದ್ದರೆ ಕೂಸಿನ ಶ್ವಾಸಕೋಶಕ್ಕೆ ಸರಿಸುಮಾರು ೫ ಸೆಂಟಿಮೀಟರ್ ನೀರಿನ ಒತ್ತಡ. ಇನ್ನೂ ಬೇಕೆಂದರೆ ಇನ್ನಷ್ಟು ಆಳ. ಹೆಚ್ಚಾದ ಗಾಳಿಯು ಗುಳುಗುಳು ಗುಳ್ಳೆಗಳಾಗಿ ಹೊರಹೋಗುವುದು. ಗುಳ್ಳೆಗಳು ನಿಂತುವೆಂದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ದಾದಿಗೆ ತಿಳಿಯುವುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಈ ಪದ್ಧತಿಯೇ ಬಹುಕಾಲದಿಂದ ನಡೆದುಬಂದಿತ್ತು. ೧೯೮೭ರಲ್ಲಿ ಏವರಿಯವರೇ ಎಂಟು ಆಸ್ಪತ್ರೆಗಳನ್ನು ಹೋಲಿಸಿ ನೋಡಿದಾಗ, ಬದುಕುಳಿದ ಕೂಸುಗಳ ಶ್ವಾಸಕೋಶಕ್ಕೆ ಶಾಶ್ವತವಾದ ಕೆಡುಕು ಅತ್ಯಲ್ಪವಾಗಿದ್ದುದು ಅಲ್ಲಿಯೇ ಎಂಬುದು ಕಂಡುಬಂದಿತು. ಯಂತ್ರದಿಂದ ಬಲವಂತವಾಗಿ ಗಾಳಿ ತುಂಬುವುದು ಎಷ್ಟು ಕಡಮೆಯಾದರೆ ಅಷ್ಟೂ ಲೇಸೆಂಬುದು ವೈದ್ಯರಿಗೆ ಮನವರಿಕೆಯಾಯಿತು.

ಇಲ್ಲದ ದ್ರವ್ಯವನ್ನು ಹೊರಗಿನಿಂದ ಕೊಡಲಾಗದೆ ಎಂಬ ಪ್ರಶ್ನೆಯು ತಮಗೆ ತೋರಿರಬಹುದು. ಕೊಡಬಹುದು. ೧೯೮೦ರಲ್ಲಿ ಜಪಾನಿನ ಟೆಟ್ಸುರೋ ಫುಜಿವಾರಾ ಅವರು ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಹತ್ತು ಕೂಸುಗಳ ಶ್ವಾಸನಾಳಕ್ಕೆ ಬಿಟ್ಟು ಫಲವನ್ನು ಕಂಡರು. ೧೯೯೦ರ ಸುಮಾರಿಗೆ ಅದು ಔಷಧವಾಗಿ ಮಾರಾಟಕ್ಕೆ ಬಂದಿತು. ಇಂದು ಹಸುವಿನಿಂದಲೂ ಹಂದಿಯಿಂದಲೂ ತೆಗೆದುದು ಬಳಕೆಯಲ್ಲಿದೆ. ಸಿ-ಪ್ಯಾಪ್‌ನಿಂದ ಸಾಲದೆ ಬಂದ ಕೂಸಿಗೆ ಸಣ್ಣ ನಳಿಕೆಯೊಂದರ ಮೂಲಕ ಇದನ್ನು ಶ್ವಾಸನಾಳಕ್ಕೆ ಬಿಟ್ಟು ನಳಿಕೆಯನ್ನು ತೆಗೆದುಬಿಡುವ ಪದ್ಧತಿಯು ಈಗ ಹೆಚ್ಚುತ್ತಿದೆ. ಆದರೆ ಇದಕ್ಕೆ ಬೆಲೆ ಹೆಚ್ಚು. ಕೊಡುವ ಕೈಗೆ ಕುಶಲತೆಯೂ ಬೇಕು. ಇವೆರಡರಿಂದಲೂ ಗುಣವಾಗದವರಿಗೆ ಉಸಿರಾಟದ ಯಂತ್ರವುಂಟು. ಶ್ವಾಸಕೋಶದ ರಕ್ತನಾಳಗಳು ತೆರೆಯದೆ ಉಳಿದ ಕೂಸುಗಳಿಗೆ, ಮುಖ್ಯವಾಗಿ ದಿನ ತುಂಬಿ ಹುಟ್ಟಿದವರಿಗೆ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಇವು ದೊಡ್ಡ ಆಸ್ಪತ್ರೆಗಳ ಕೆಲಸ.

ಆಮ್ಲಜನಕದ ವಿಷಯದಲ್ಲಿ ಎರಡು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಉಸಿರು ಸಾಲದ ಕೂಸಿಗೆ ಆಮ್ಲಜನಕವನ್ನು ಎಷ್ಟು ಕೊಟ್ಟರೂ ಒಳ್ಳೆಯದೇ ಎಂಬ ನಂಬಿಕೆಯು ೧೯೪೦ರ ದಶಕದಲ್ಲಿ ಎಲ್ಲೆಡೆಯೂ ಇದ್ದಿತು. ಅದೇ ಕಾಲದಲ್ಲಿ, ದಿನ ತುಂಬದೆ ಹುಟ್ಟಿ ಬದುಕಿದ ಕೂಸುಗಳು ಕಣ್ಣು ಕಳೆದುಕೊಳ್ಳುವುದು ಹೆಚ್ಚಾಯಿತು. ಒಳ್ಳೆಯ ಸಲಕರಣೆಗಳುಳ್ಳ ಆಸ್ಪತ್ರೆಗಳಲ್ಲಿಯೇ ಹೆಚ್ಚಾಯಿತು. ಆಸ್ಟ್ರೇಲಿಯದ ಕೇಟ್ ಕ್ಯಾಂಬೆಲ್ ಅವರು ೧೯೫೧ರಲ್ಲಿ ಅತಿಯಾದ ಆಮ್ಲಜನಕದ ಮೇಲೆ ಸಂಶಯವನ್ನು ಪ್ರಕಟಿಸಿದರು. ೧೯೫೩-೫೪ರಲ್ಲಿ ಅಮೆರಿಕದ ೧೮ ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯು ಆ ಸಂಶಯವು ನಿಜವೆಂದು ತೋರಿಸಿತು. ಆಗ ಆಮ್ಲಜನಕವನ್ನು ಬಿಗಿಹಿಡಿದರು, ಕುರುಡುತನವು ಇಳಿಯಿತು, ಉಸಿರು ಸಾಲದೆ ಸಾಯುವ ಕೂಸುಗಳು ಹೆಚ್ಚಿದುವು. ಹೆಚ್ಚಾದರೆ ಕಣ್ಣಿಗೆ ಕೇಡು, ಕಡಮೆಯಾದರೆ ಪ್ರಾಣಕ್ಕೆ ಕೇಡು. ಇಂದು ಕೂಸಿನ ಅಂಗೈಗೋ ಅಂಗಾಲಿಗೋ ಕಟ್ಟುವ ಪುಟ್ಟ ದೀಪದ ಉಪಕರಣವು ರಕ್ತದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ತಿಳಿಸುತ್ತದೆ. ಆಮ್ಲಜನಕ ಪಡೆಯುತ್ತಿರುವ ದಿನ ತುಂಬದ ಕೂಸಿನಲ್ಲಿ ಅದು ಶೇಕಡ ೯೦ ಮತ್ತು ೯೫ರ ನಡುವೆ ಇರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ದಿನ ತುಂಬಿದ ಕೂಸಿಗೆ ಹುಟ್ಟಿದೊಡನೆ ಗಾಳಿಯೂಡುವಾಗ ಶುದ್ಧ ಆಮ್ಲಜನಕ ಬೇಕಿಲ್ಲ, ನಾವೆಲ್ಲರೂ ಉಸಿರಾಡುವ ಗಾಳಿಯೇ ಸಾಕೆಂಬುದನ್ನು ತೋರಿಸಿದವರಲ್ಲಿ ದೆಹಲಿಯ ಸಿದ್ಧಾರ್ಥ ರಾಮ್‌ಜಿಯವರೂ ನಾರ್ವೆಯ ಓಲಾ ಸೌಗ್‌ಸ್ಟಾಡ್ ಅವರೂ ಮುಖ್ಯರು. ಅವರ ಮೊದಲ ಫಲಿತಾಂಶವು ೧೯೯೩ರಲ್ಲಿ ಬಂದಿತು. ೨೦೧೦ರ ಅಂತರರಾಷ್ಟ್ರೀಯ ನಿಯಮಗಳು ಅದನ್ನು ಅಂಗೀಕರಿಸಿದುವು.

ಇನ್ನು ಎಲ್ಲಕ್ಕಿಂತ ಹಿರಿದಾದ ಚಿಕಿತ್ಸೆಯೊಂದು ಉಳಿದಿದೆ. ಅದನ್ನು ಕೊಡುವುದು ಕೂಸಿಗಲ್ಲ, ತಾಯಿಗೆ. ಹುಟ್ಟಿದ ಮೇಲಲ್ಲ, ಹುಟ್ಟುವ ಮುನ್ನ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಅವರು ಕುರಿಗಳಲ್ಲಿ ಪ್ರಸವವು ಹೇಗೆ ತೊಡಗುವುದೆಂಬುದನ್ನು ಶೋಧಿಸುತ್ತಿದ್ದರು. ಸ್ಟೀರಾಯ್ಡ್ ಔಷಧ ಪಡೆದು ತೀರ ಮುಂಚಿತವಾಗಿ ಹುಟ್ಟಿದ ಕುರಿಮರಿಯೊಂದು, ಬದುಕಬಾರದಷ್ಟು ಎಳೆಯದಾಗಿದ್ದರೂ, ಉಸಿರಾಡುತ್ತಿದ್ದುದನ್ನು ಅವರು ಕಂಡರು. ಅಂಥ ಔಷಧವು ಶ್ವಾಸಕೋಶವನ್ನು ಬೇಗ ಬಲಿಸುವುದೆಂದು ಊಹಿಸಿ, ಮಕ್ಕಳ ವೈದ್ಯರಾದ ರಾಸ್ ಹೌವಿಯವರೊಡನೆ ೨೮೨ ತಾಯಂದಿರಲ್ಲಿ ಪರೀಕ್ಷಿಸಿ ೧೯೭೨ರಲ್ಲಿ ಪ್ರಕಟಿಸಿದರು. ಔಷಧವಿಲ್ಲದವರ ಕೂಸುಗಳಲ್ಲಿ ಶೇಕಡ ೨೫.೮ರಷ್ಟಕ್ಕೆ ಬಂದ ಶ್ವಾಸಸಂಕಟವು ಔಷಧ ಪಡೆದವರಲ್ಲಿ ಶೇಕಡ ೯ಕ್ಕೆ ಇಳಿದಿತ್ತು. ಔಷಧವೋ ಕಡಮೆ ಬೆಲೆಯದು. ಆದರೂ ಅಮೆರಿಕದ ತಜ್ಞರ ಸಮಿತಿಯು ಇದನ್ನು ವ್ಯಾಪಕವಾಗಿ ಬಳಸಬೇಕೆಂದು ಸಾರಿದುದು ೧೯೯೪ರಲ್ಲಿ. ನಡುವಣ ೨೨ ವರ್ಷಗಳಲ್ಲಿ ಉಳಿಸಬಹುದಾಗಿದ್ದ ಕೂಸುಗಳು ಎಷ್ಟೋ.

ಈ ಕಥೆಯ ಕೊನೆಯ ಭಾಗಕ್ಕೆ ನಮ್ಮ ನಾಡೂ ಸೇರಿದೆ. ಬಡ ದೇಶಗಳ ಹಳ್ಳಿಹಳ್ಳಿಗೂ ಈ ಚುಚ್ಚುಮದ್ದನ್ನು ಒಯ್ದರೆ ಹೇಗೆಂದು ಆರು ದೇಶಗಳಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ನಮ್ಮ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ೨೦೧೫ರಲ್ಲಿ ಬಂದ ಫಲವು ಎಲ್ಲರನ್ನೂ ಬೆರಗುಗೊಳಿಸಿತು: ಸಣ್ಣ ಕೂಸುಗಳ ಸಾವು ಕಡಮೆಯಾಗಲಿಲ್ಲ, ಒಟ್ಟಿನಲ್ಲಿ ಕೂಸುಗಳ ಸಾವು ತುಸು ಹೆಚ್ಚಿಯೇ ಇತ್ತು. ದಿನಗಳ ಲೆಕ್ಕವು ಸರಿಯಾಗಿ ತಿಳಿಯದೆ, ಅಗತ್ಯವಿಲ್ಲದ ಅನೇಕ ತಾಯಂದಿರಿಗೂ ಔಷಧ ಹೋಗಿತ್ತು. ಆಗ ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಗಳ ಆಸ್ಪತ್ರೆಗಳಲ್ಲಿ ಮತ್ತೊಂದು ಪರೀಕ್ಷೆಯನ್ನು ನಡೆಸಿತು. ಬೆಳಗಾವಿಯವರು ಇದರಲ್ಲಿಯೂ ಪಾಲುಗೊಂಡರು. ಗರ್ಭದ ವಾರಗಳನ್ನು ಸ್ಕ್ಯಾನಿನಿಂದ ನಿಶ್ಚಯಿಸಿ, ೨೬ರಿಂದ ೩೪ನೆಯ ವಾರದೊಳಗೆ ಹೆರುವ ಸಂಭವವಿದ್ದ ೨,೮೫೨ ತಾಯಂದಿರನ್ನು ಮಾತ್ರ ಆರಿಸಿಕೊಂಡರು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆಯದವರ ಕೂಸುಗಳಲ್ಲಿ ಶೇಕಡ ೨೩.೫ ಸತ್ತರೆ, ಪಡೆದವರ ಕೂಸುಗಳಲ್ಲಿ ಶೇಕಡ ೧೯.೬. ಒಂದೇ ಮದ್ದು, ದಿನದ ಲೆಕ್ಕ ತಪ್ಪಿದಲ್ಲಿ ಪ್ರಯೋಜನವಾಗಲಿಲ್ಲ, ದಿನ ತಿಳಿದು ಆರೈಕೆಯಿದ್ದಲ್ಲಿ ಪ್ರಾಣವನ್ನುಳಿಸಿತು.

ಆದುದರಿಂದ ಮನೆಯವರ ಕರ್ತವ್ಯವು ಹೆರಿಗೆಯ ದಿನ ತೊಡಗುವುದಲ್ಲ. ಕೊನೆಯ ಮುಟ್ಟಿನ ಮೊದಲ ದಿನವನ್ನು ಬರೆದಿಡುವುದು, ಮೊದಲ ತಿಂಗಳುಗಳಲ್ಲಿಯೇ ಸ್ಕ್ಯಾನ್ ಮಾಡಿಸಿ ವಾರಗಳ ಲೆಕ್ಕವನ್ನು ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ. ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಒಡೆದರೆ, ‘ಇನ್ನೂ ದಿನವಿದೆ, ನೋಡೋಣ’ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು; ಚುಚ್ಚುಮದ್ದು ಪೂರ್ಣಫಲ ಕೊಡಲು ಒಂದು ದಿನದ ಅವಕಾಶ ಬೇಕು. ಅಂಥ ಹೆರಿಗೆಯು ನವಜಾತ ಶಿಶು ಘಟಕವಿರುವ ಆಸ್ಪತ್ರೆಯಲ್ಲಿ ಆಗುವುದೇ ಮೇಲು. ಹುಟ್ಟಿದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿಯೇ ಸಾಗಿಸುವುದು ಕ್ಷೇಮ. ವೈದ್ಯಕೀಯ ಕಾರಣವಿಲ್ಲದೆ, ಮುಹೂರ್ತಕ್ಕಾಗಿಯೋ ಅನುಕೂಲಕ್ಕಾಗಿಯೋ ದಿನಕ್ಕೆ ಮುಂಚೆ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳುವುದರಿಂದ ಕೂಸಿನ ಉಸಿರಿಗೆ ತೊಂದರೆಯಾಗಬಹುದೆಂಬುದನ್ನು ನಗರವಾಸಿಗಳಾದ ನಾವು ವಿಶೇಷವಾಗಿ ನೆನೆಯಬೇಕು.

ಹುಟ್ಟಿದ ಕೂಸನ್ನು ಒರಸಿ, ತಾಯಿಯ ಎದೆಗೆ ಮೈಸೋಕುವಂತೆ ಮಲಗಿಸಿ, ಮೇಲೆ ಹೊದಿಸಬೇಕು. ಮೊದಲ ಸ್ನಾನವನ್ನು ಒಂದು ದಿನದ ಮಟ್ಟಿಗಾದರೂ ಮುಂದೂಡಬೇಕು. ಮೂಗಿಗೆ ಎಣ್ಣೆ ಬಿಡುವುದು, ಹೊಗೆ ಹಾಕುವುದು ಬೇಡ. ಮನೆಗೆ ಬಂದ ಮೇಲೆಯೂ, ಕೂಸು ನೆಮ್ಮದಿಯಾಗಿರುವಾಗ ಅದರ ಹೊಟ್ಟೆಯ ಏರಿಳಿತವನ್ನು ಗಡಿಯಾರವಿಟ್ಟು ಒಂದು ಪೂರ್ತಿ ನಿಮಿಷ ಎಣಿಸಿರಿ. ೬೦ ಅಥವಾ ಅದಕ್ಕೆ ಹೆಚ್ಚಾದರೆ ಮತ್ತೊಮ್ಮೆ ಎಣಿಸಿರಿ. ಆಗಲೂ ಹಾಗೆಯೇ ಇದ್ದರೆ, ಎದೆಯು ಒಳಕ್ಕೆ ಸೆಳೆದರೆ, ತುಟಿ ನಾಲಗೆಗಳು ನೀಲಿಯಾದರೆ, ಹಾಲು ಕುಡಿಯದೆ ಹೋದರೆ, ಬೆಳಗಾಗಲೆಂದು ಕಾಯಬಾರದು. ೧೦೮ರ ವಾಹನವನ್ನು ಕರೆಯಿರಿ. ೨೦೧೧ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ಚಿಕಿತ್ಸೆಯು ಉಚಿತ. ದಾರಿಯಲ್ಲಿ ಕೂಸು ಬೆಚ್ಚಗಿರಲಿ. ಉಸಿರಿಗಾಗಿ ಒದ್ದಾಡುತ್ತಿರುವಾಗ ಬಾಯಿಗೆ ಏನನ್ನೂ ಹಾಕದಿರಿ.

ಹೆರಿಗೆಯ ಕೋಣೆಯ ಹೊರಗೆ ಮೊದಲ ಅಳುವಿಗಾಗಿ ನಾವೆಲ್ಲರೂ ಕಿವಿಗೊಡುತ್ತೇವೆ. ಆ ಅಳು ಕೇಳಿದ ಮೇಲೆಯೂ ಕೆಲವು ದಿನ ಕಿವಿಯನ್ನು ಹಾಗೆಯೇ ಎಚ್ಚರವಾಗಿಟ್ಟಿರೋಣ. ನಡುರಾತ್ರಿಯಲ್ಲಿ ತೊಟ್ಟಿಲಿನಿಂದ ಸಣ್ಣ ಮುಲುಕು ಕೇಳಿಬಂದರೆ, ಅದು ಕೂಸು ತನ್ನ ಕೈಲಾದಷ್ಟು ಮಾಡುತ್ತಿರುವ ಪ್ರಯತ್ನವೆಂದು ತಿಳಿದು, ದೀಪ ಹಚ್ಚಿ ಏಳೋಣ.